ದೇರಪ್ಪನವರ ಜಿಗಣೆ ಪುಟ

ಗಾಳಿಬೀಡಿನ ದೇರಪ್ಪನವರನ್ನು ಒಂದು ಮಾತು ಕೇಳಿದರೆ ಹತ್ತು ಮಾತು ಸಿಗುತ್ತಿತ್ತು. ಮಡಿಕೇರಿ ಬಸ್ಸು ಎಷ್ಟು ಹೊತ್ತಿಗೆ ಎಂದು ಯಾರಾದರೂ ಕೇಳಿದರೆ, ಆ ಬಸ್ಸು ಹಿಂದೆ ಯಾವ ದಾರಿಯಲ್ಲಿ ಬರುತ್ತಿತ್ತು, ಯಾವ ಡ್ರೈವರನ ಕಾಲದಲ್ಲಿ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಆ ಡ್ರೈವರನ ಮಾವನ ಮನೆ ಎಲ್ಲಿ ಎಂಬುದೆಲ್ಲ ತಿಳಿಯುತ್ತಿತ್ತು. ಅಷ್ಟರಲ್ಲಿ ಬಸ್ಸು ಬಂದು ಹೋಗಿರುತ್ತಿತ್ತು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೂ ದೂರದಿಂದ ಅವರ ಛತ್ರಿ ಕಂಡರೆ ಊರಿನವರು ತೋಟದ ಒಳದಾರಿ ಹಿಡಿಯುತ್ತಿದ್ದದ್ದೂ ನಿಜ.

ಅರವತ್ತರ ಹತ್ತಿರ ಬಂದಿದ್ದ ಅವರಿಗೆ ಇದ್ದದ್ದು ಒಂದಿಷ್ಟು ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸು, ಮತ್ತು ಹೆಂಡತಿ ಪೂವಮ್ಮ. ಪೂವಮ್ಮ ಕಡಿಮೆ ಮಾತಿನ ಹೆಂಗಸು. ಮನೆಯಲ್ಲಿ ಮಾತಿನ ಕೊರತೆ ಇಲ್ಲದ್ದರಿಂದ ಅವರಿಗೆ ಆಡುವ ಅಗತ್ಯವೂ ಬಿದ್ದಿರಲಿಲ್ಲ. ಅವರ ಹೊಲಿಗೆ ಮಾತ್ರ ಊರೆಲ್ಲ ಹೆಸರಾಗಿತ್ತು. ಮೊದಮೊದಲು ರವಿಕೆ, ಲಂಗ ಹೊಲಿಯುತ್ತಿದ್ದವರು ಕೆಲವು ವರ್ಷಗಳಿಂದ ಜಿಗಣೆ ಸಾಕ್ಸಿಗೆ ಇಳಿದಿದ್ದರು. ದಪ್ಪ ಹತ್ತಿ ಬಟ್ಟೆಯಲ್ಲಿ ಮಂಡಿಯವರೆಗೆ ಬರುವ ಕಾಲುಚೀಲ ಅದು. ಮೇಲೆ ಲಾಡಿ ಬಿಗಿದು ಕಟ್ಟಿ ಅದರ ಮೇಲೆ ಶೂ ಹಾಕಿಕೊಂಡರೆ ಮಳೆಗಾಲದ ಕಾಡಿನಲ್ಲಿ ಎಷ್ಟೇ ನಡೆದರೂ ಜಿಗಣೆಗೆ ಕಾಲು ಸಿಗುವುದಿಲ್ಲ. ಮಡಿಕೇರಿಯ ಎರಡು ಅಂಗಡಿಯವರು ತರಿಸಿಕೊಂಡು ಬೆಟ್ಟ ಹತ್ತಲು ಬರುವ ಪ್ರವಾಸಿಗಳಿಗೆ ಮಾರುತ್ತಿದ್ದರು.

ದೇರಪ್ಪನವರ ತಮ್ಮನ ಮಗಳು ಕವನಾ ಮಡಿಕೇರಿಯಲ್ಲಿ ಒಂದು ಸಣ್ಣ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಹೋಂಸ್ಟೇಗಳಿಗೆ ವೆಬ್‌ಸೈಟು ಮಾಡಿಕೊಡುವುದು ಅವಳ ಕೆಲಸ. ದೊಡ್ಡಮ್ಮ ಹೊಲಿದದ್ದನ್ನು ಅಂಗಡಿಯವರೇ ಯಾಕೆ ಮಾರಬೇಕು, ನಾವೇ ಮಾರೋಣ ಎಂದು ಒಂದು ಭಾನುವಾರ ಕೂತು ಒಂದು ಸೈಟು ಮಾಡಿಯೇ ಬಿಟ್ಟಳು. ಹಸಿರು ಬೆಟ್ಟದ ಚಿತ್ರ, ಹಗ್ಗದ ಮೇಲೆ ಸಾಲಾಗಿ ನೇತುಹಾಕಿದ ಸಾಕ್ಸ್, ಕೆಳಗೆ ದೇರಪ್ಪನವರ ಫೋನ್ ನಂಬರು. ದೇರಪ್ಪನವರು ಅದನ್ನು ನೋಡಿ, ತಮ್ಮ ನಂಬರಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಎರಡು ಸಲ ಓದಿದರು.

ಆಮೇಲೆ ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತ ಸೈಟು ತೆರೆದು ನೋಡುವುದು ರೂಢಿಯಾಯಿತು. ಎಷ್ಟು ಜನ ಬಂದು ಹೋದರು ಎಂದು ತೋರಿಸುವ ಒಂದು ಲೆಕ್ಕವನ್ನು ಕವನಾ ಅವರ ಫೋನಿನಲ್ಲೇ ಹಾಕಿಕೊಟ್ಟಿದ್ದಳು. ಲೆಕ್ಕ ಏರುತ್ತ ಹೋಯಿತು. ದೇರಪ್ಪನವರು ಬಸ್ ನಿಲ್ದಾಣದಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ಜನ ಬರುತ್ತಿದ್ದಾರೆ, ಆರ್ಡರು ಇನ್ನೂ ಬಂದಿಲ್ಲ, ಬರುತ್ತದೆ, ಮೊದಲು ನೋಡಿಕೊಂಡು ಹೋಗುತ್ತಾರಲ್ಲ. ತಿಂಗಳಾದ ಮೇಲೆ ಕವನಾ ಬಂದು ಲೆಕ್ಕ ಬಿಡಿಸಿ ನೋಡಿದಳು. ಹೆಚ್ಚುಕಡಿಮೆ ಎಲ್ಲರೂ ಗಾಳಿಬೀಡಿನಿಂದಲೇ, ಒಂದೇ ಫೋನಿನಿಂದ, ಬೆಳಗಿನ ಕಾಫಿ ಹೊತ್ತಿನಲ್ಲಿ ಬಂದವರು.

“ದೊಡ್ಡಪ್ಪ, ಇದೆಲ್ಲ ನೀವೇ” ಎಂದಳು.

ಒಳಗೆ ಹೊಲಿಯುತ್ತಿದ್ದ ಪೂವಮ್ಮನ ಮೆಷಿನ್ನು ಒಂದು ಕ್ಷಣ ನಿಂತು ಮತ್ತೆ ಓಡಿತು.

ಕವನಾ ಬಿಡಿಸಿ ಹೇಳಿದಳು. ಮಡಿಕೇರಿಗೆ ಹೊಸದಾಗಿ ಬಂದವನೊಬ್ಬ ಒಳ್ಳೆ ಹೊಲಿಗೆಯವರು ಯಾರೆಂದು ಕೇಳಿದರೆ ನಾಲ್ಕು ಅಂಗಡಿಯವರು ಪೂವಮ್ಮನ ಹೆಸರು ಹೇಳಬೇಕು, ಆಗ ನಂಬಿಕೆ ಬರುತ್ತದೆ. ಗೂಗಲ್ಲೂ ಹಾಗೆಯೇ. ಬೇರೆ ಬೇರೆ ಸೈಟಿನವರು ನಮ್ಮ ಸೈಟಿಗೆ ದಾರಿ ತೋರಿಸಿದ್ದರೆ, ಅದಕ್ಕೆ ಬ್ಯಾಕ್‌ಲಿಂಕ್ ಎನ್ನುತ್ತಾರೆ, ಅದನ್ನು ಕಂಡು ನಮ್ಮನ್ನು ಮೇಲಕ್ಕೆ ತರುತ್ತದೆ. ಅದಕ್ಕೆ ಎರಡು ಉಪಾಯ. ಜನರಿಗೆ ಬೇಕಾದ್ದೇನಾದರೂ ಬರೆದು ಹಾಕಿದರೆ ಓದಿದವರು ತಾವಾಗಿಯೇ ದಾರಿ ತೋರಿಸುತ್ತಾರೆ. ಇನ್ನೊಂದು, ಯಾವ ಊರಿನಲ್ಲಿ ಯಾವ ವ್ಯಾಪಾರ ಎಂದು ಹೆಸರು ಸೇರಿಸುವ ಡೈರೆಕ್ಟರಿಗಳು ಇರುತ್ತವೆ, ಅವುಗಳಲ್ಲಿ ನೋಡಿ ಆರಿಸಿ ನಾಲ್ಕೈದರಲ್ಲಿ ಹೆಸರು ಹಾಕಿಸುವುದು.

‘ನೋಡಿ ಆರಿಸಿ’ ಎಂಬ ಮಾತು ದೇರಪ್ಪನವರ ಕಿವಿಗೆ ಬೀಳಲಿಲ್ಲ. ಮಳೆ ಹಿಡಿದಿತ್ತು, ತೋಟದಲ್ಲಿ ಕೆಲಸವಿರಲಿಲ್ಲ. ಕಂಬಳಿ ಹೊದ್ದು ಫೋನು ಹಿಡಿದು ಕೂತವರು ಕಂಡ ಕಂಡ ಡೈರೆಕ್ಟರಿಗೆಲ್ಲ ಪೂವಮ್ಮನ ಸಾಕ್ಸನ್ನು ಸೇರಿಸಿದರು. ಪ್ರತಿಯೊಂದರಲ್ಲೂ ನಿಮ್ಮದು ಯಾವ ಬಗೆಯ ವ್ಯಾಪಾರ ಎಂದು ಕೇಳುತ್ತಿತ್ತು. ಜಿಗಣೆ ಸಾಕ್ಸಿನ ಬಗೆ ಎಲ್ಲಿಯೂ ಇರಲಿಲ್ಲ. ಸಾಕ್ಸ್ ಎಂದು ಕೆಲವು ಕಡೆ ಪಾದರಕ್ಷೆಯ ಕೆಳಗೆ ಹಾಕಿದರು, ರಕ್ತದ ವಿಷಯ ಎಂದು ಒಂದರಲ್ಲಿ ಆರೋಗ್ಯದ ಕೆಳಗೆ, ಮಿಕ್ಕ ಕಡೆ ಜಿಗಣೆಯೂ ಹುಳವೇ ತಾನೇ ಎಂದು ಕೀಟ ನಿಯಂತ್ರಣದ ಕೆಳಗೆ.

ಫೋನು ಬರತೊಡಗಿತು. ಸುಂಟಿಕೊಪ್ಪದಿಂದ ಒಬ್ಬರು ಅಟ್ಟದ ಗೆದ್ದಲಿಗೆ ಏನು ಮಾಡುತ್ತೀರಿ ಎಂದು ಕೇಳಿದರು. ಮಡಿಕೇರಿಯ ಒಂದು ಲಾಡ್ಜಿನವರು ತಿಗಣೆಗೆ ಕೇಳಿದರು. ಜಿಗಣೆಗೂ ತಿಗಣೆಗೂ ಒಂದೇ ಅಕ್ಷರದ ವ್ಯತ್ಯಾಸವಲ್ಲವೇ. ಬೇರೆ ಯಾರಾದರೂ ಆಗಿದ್ದರೆ ನಂಬರು ತಪ್ಪಿದೆ ಎಂದು ಇಟ್ಟುಬಿಡುತ್ತಿದ್ದರು. ದೇರಪ್ಪನವರು ಗೆದ್ದಲಿನ ಬಗ್ಗೆ ತಮಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದರು, ತಿಗಣೆಯ ಬಗ್ಗೆ ಗೊತ್ತಿಲ್ಲದ್ದನ್ನೂ ಸೇರಿಸಿ ಹೇಳಿದರು. ಇದರ ಜೊತೆಗೆ ನೀನು ನನ್ನ ಹೆಸರು ಹಾಕು, ನಾನು ನಿನ್ನದು ಹಾಕುತ್ತೇನೆ ಎಂದು ಪರಿಚಯದವರ ಹತ್ತಿರವೆಲ್ಲ ಒಪ್ಪಂದ ಮಾಡಿಕೊಂಡು ಬಂದರು. ಕುಟ್ಟಪ್ಪನ ವಾಲಗದ ತಂಡ, ಒಂದು ಹಲ್ಲಿನ ದವಾಖಾನೆ, ಎರಡು ಜೇನಿನ ಅಂಗಡಿ, ಒಂದು ಡ್ರೈವಿಂಗ್ ಸ್ಕೂಲು. ಕವನಾ ನೋಡುವಾಗ ಸೈಟಿನ ಬುಡದಲ್ಲಿ ಬಸ್ ನಿಲ್ದಾಣದ ಗೋಡೆಯಂತೆ ಚೀಟಿಗಳು ಅಂಟಿದ್ದವು. ಇದು ಗೂಗಲ್ಲಿಗೆ ಸೇರುವುದಿಲ್ಲ, ಕಳ್ಳಲೆಕ್ಕ ಎಂದುಕೊಳ್ಳುತ್ತದೆ ಎಂದು ಅವಳು ಎಲ್ಲವನ್ನೂ ಕಿತ್ತುಹಾಕಿದಳು. ದೇರಪ್ಪನವರು ಎರಡು ದಿನ ಅವಳ ಹತ್ತಿರ ಮಾತು ಬಿಟ್ಟರು. ಅವಳಿಗೆ ಅದು ಶಿಕ್ಷೆ ಎಂದು ಹೊಳೆಯಲಿಲ್ಲ.

ಹೀಗಿರುವಾಗ ಅಮ್ಮತ್ತಿ ಹತ್ತಿರದ ಒಂದು ಎಸ್ಟೇಟಿನಿಂದ ಫೋನು ಬಂತು. ಮಾತಾಡಿದವರು ಅಲ್ಲಿ ಆಳುಗಳ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ಬೋಜಪ್ಪ. ಕಾಡಂಚಿನ ಒಂದು ಬ್ಲಾಕಿನಲ್ಲಿ ಜಿಗಣೆ ವಿಪರೀತವಾಗಿದೆ, ಕಳೆ ತೆಗೆಯಲು ಆಳುಗಳು ಇಳಿಯುವುದಿಲ್ಲ ಎನ್ನುತ್ತಿದ್ದಾರೆ, ಡೈರೆಕ್ಟರಿಯಲ್ಲಿ ಜಿಗಣೆ ಎಂದು ಹುಡುಕಿದರೆ ಇಡೀ ಕೊಡಗಿನಲ್ಲಿ ನಿಮ್ಮದೊಂದೇ ಹೆಸರು ಬಂತು ಎಂದರು. ನಾವು ಸಾಕ್ಸಿನವರು ಎಂಬ ಮಾತು ದೇರಪ್ಪನವರ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಬೋಜಪ್ಪ, “ನಿಮ್ಮ ಕಂಪನಿಯವರು ಯಾವತ್ತು ಬರ್ತಾರೆ ಸರ್?” ಎಂದು ಕೇಳಿದರು.

ದೇರಪ್ಪನವರನ್ನು ಯಾರೂ ಕಂಪನಿ ಎಂದು ಕರೆದಿರಲಿಲ್ಲ. ಮಂಗಳವಾರ ಬರುತ್ತಾರೆ ಎಂದುಬಿಟ್ಟರು.

ಮಂಗಳವಾರ ಕಂಪನಿ ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈಯಲ್ಲಿ ಸಾಕ್ಸಿನ ಚೀಲ ಹಿಡಿದು ಎರಡು ಬಸ್ಸು ಬದಲಾಯಿಸಿ ಅಮ್ಮತ್ತಿಯಲ್ಲಿ ಇಳಿಯಿತು. ಬೋಜಪ್ಪ ಜೀಪು ತಂದಿದ್ದರು. ಇವರನ್ನು ಒಮ್ಮೆ ನೋಡಿ, ಇವರ ಹಿಂದಿನ ಖಾಲಿ ರಸ್ತೆಯನ್ನು ಒಮ್ಮೆ ನೋಡಿದರು.

“ಮಿಷಿನ್ ಹಿಂದೆ ಬರ್ತಾ ಉಂಟಾ?”

“ಮಿಷಿನ್ ಮನೇಲಿ ಉಂಟು” ಎಂದರು ದೇರಪ್ಪ. “ಹೊಲಿಗೆ ಮಿಷಿನ್.”

ಬೋಜಪ್ಪ ಒಳ್ಳೆಯ ಮನುಷ್ಯ, ಅಥವಾ ಅಷ್ಟು ದೂರ ಬಂದ ಹಿರಿಯರನ್ನು ಮಳೆಯಲ್ಲಿ ಹಿಂದಕ್ಕೆ ಕಳಿಸಲು ಅವರಿಗೆ ಮನಸ್ಸು ಬರಲಿಲ್ಲ. ಬಂದದ್ದು ಬಂದಿರಿ, ಒಂದು ಕಾಫಿ ಕುಡಿದು ಹೋಗಿ ಎಂದು ಕರೆದುಕೊಂಡು ಹೋದರು. ಎಸ್ಟೇಟಿನ ಲೈನುಮನೆಗಳ, ಎಂದರೆ ಆಳುಗಳ ಸಾಲುಮನೆಗಳ, ಜಗಲಿಯಲ್ಲಿ ಅವರೆಲ್ಲ ಮಳೆಗೆ ಹೆದರಿ ಕೂತಿದ್ದರು. ಯಾರೋ ಇವರು ಜಿಗಣೆ ಹಿಡಿಯುವವರಾ ಎಂದು ಕೇಳಿದರು. ಎಲ್ಲರೂ ನಕ್ಕರು. ದೇರಪ್ಪನವರಿಗೆ ಅಷ್ಟು ಸಾಕಾಯಿತು. ಕಾಫಿಲೋಟ ಪಕ್ಕಕ್ಕಿಟ್ಟು ಶುರು ಮಾಡಿದರು.

ಜಿಗಣೆಗೆ ಕಣ್ಣು ಮಂದ, ಆದರೆ ನೆಲದ ಅದುರು, ಮೈಯ ಬಿಸಿ, ಉಸಿರಿನ ವಾಸನೆ ಎಲ್ಲವೂ ಗೊತ್ತಾಗುತ್ತದೆ ಎಂದರು. ಸಾಲಿನಲ್ಲಿ ಮೊದಲು ನಡೆದವನು ಅದನ್ನು ಎಬ್ಬಿಸುತ್ತಾನೆ, ಹಿಂದೆ ಬಂದವನು ಕಚ್ಚಿಸಿಕೊಳ್ಳುತ್ತಾನೆ ಎಂದರು. ಆಳುಗಳಲ್ಲಿ ಒಬ್ಬ, ಅದಕ್ಕೇ ರೈಟರು ಯಾವಾಗಲೂ ಮುಂದೆ ನಡೆಯುವುದು ಎಂದ. ಮತ್ತೆ ನಗು. ತಮಿಳಿನವರು ಅದನ್ನು ಅಟ್ಟೈ ಎಂದರು, ಕೇರಳದಿಂದ ಬಂದವರು ಅಟ್ಟ ಎಂದರು, ಮೂಲೆಯಲ್ಲಿದ್ದ ಹಿಂದಿ ಮಾತಿನ ಮುದುಕರೊಬ್ಬರು ಜೋಂಕ್ ಎಂದರು. ಪ್ರಶ್ನೆಗಳು ಬಂದವು. ಜೀವಮಾನದಲ್ಲಿ ಮೊದಲ ಸಲ ದೇರಪ್ಪನವರ ಎದುರು ಜನ ಎದ್ದು ಹೋಗದೆ ಕೂತಿದ್ದರು. ಹೊರಗೆ ಜಡಿಮಳೆ, ಎದ್ದು ಹೋಗಲು ಜಾಗವೂ ಇರಲಿಲ್ಲ ಎಂಬುದನ್ನು ಅವರು ಗಮನಿಸಲಿಲ್ಲ.

ಪಿರಿಯಾಪಟ್ಟಣದ ಕಡೆಯಿಂದ ಬಂದು ಬಹಳ ವರ್ಷದಿಂದ ಅಲ್ಲೇ ಕೆಲಸಕ್ಕಿದ್ದ ಹುಚ್ಚಮ್ಮ ಇಷ್ಟನ್ನೂ ಎಲೆ ಅಡಿಕೆ ಅಗಿಯುತ್ತ ಕೇಳಿಸಿಕೊಂಡಿದ್ದಳು. “ಇವೆಲ್ಲ ನಮ್ಗೂ ಗೊತ್ತು ಬುಡಿ ಸ್ವಾಮಿ” ಎಂದಳು. “ಕುಡ್ದು ಬಿದ್ದೋಯ್ತದೆ, ಸರಿ. ಆಮ್ಯಾಕೆ ಗಂಟೆಗಟ್ಲೆ ರಕ್ತ ಯಾಕ್ ನಿಲ್ಲಾಕಿಲ್ಲ? ಅದ್ನ ಒಬ್ರೂ ಹೇಳಾಕಿಲ್ಲ.”

ದೇರಪ್ಪನವರಿಗೂ ಗೊತ್ತಿರಲಿಲ್ಲ. ಕೇಳಿಕೊಂಡು ಹೇಳುತ್ತೇನೆ ಎಂದರು. ಹಾಗೆ ಅವರು ಹೇಳಿದ್ದು ಕೂಡ ಬಹುಶಃ ಮೊದಲ ಸಲವೇ.

ಮನೆಗೆ ಬಂದವರು ಕೈಕಾಲು ತೊಳೆಯುವ ಮೊದಲೇ ಕವನಾಗೆ ಫೋನು ಮಾಡಿದರು. ಅವಳಿಂದ ಪರಿಚಯದ ಡಾಕ್ಟರೊಬ್ಬರನ್ನು ಕೇಳಿಸಿ ಉತ್ತರ ತಿಳಿದುಕೊಂಡರು. ಜಿಗಣೆಯ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಇರುತ್ತದೆ, ಗಾಯವನ್ನು ತೊಳೆದು ಒತ್ತಿ ಹಿಡಿದರೆ ನಿಧಾನಕ್ಕೆ ನಿಲ್ಲುತ್ತದೆ, ಹೆದರಬೇಕಿಲ್ಲ. ಬೋಜಪ್ಪನವರಿಗೆ ಫೋನು ಮಾಡಿ ಹುಚ್ಚಮ್ಮನನ್ನು ಕರೆಸಿ ಹೇಳಿದ ಮೇಲೆಯೇ ಅವರಿಗೆ ಸಮಾಧಾನವಾದದ್ದು. ಇಷ್ಟೂ ಕಥೆಯನ್ನು ಕೇಳಿದ ಕವನಾ, ಅಲ್ಲಿ ಏನೇನು ಕೇಳಿದರೋ ಅದನ್ನೇ ಬರೆಯಿರಿ ದೊಡ್ಡಪ್ಪ, ಜನ ಗೂಗಲ್ಲಿನಲ್ಲಿ ಕೇಳುವುದೂ ಅದನ್ನೇ ಎಂದಳು.

ದೇರಪ್ಪನವರು ಬರೆದರು. ಜಿಗಣೆಯ ಲೇಖನ ಅವರ ಅಜ್ಜ ಗಾಳಿಬೀಡಿಗೆ ಬಂದು ಕಾಡು ಕಡಿದಲ್ಲಿಂದ ಆರಂಭವಾಗಿತ್ತು. ಜಿಗಣೆ ಕಾಣಿಸಿಕೊಳ್ಳುವ ಹೊತ್ತಿಗೆ ಕವನಾ ಆಕಳಿಸುತ್ತಿದ್ದಳು. ಅಜ್ಜನನ್ನು ತೆಗೆದಳು, ಅಜ್ಜನ ಕೋವಿಯನ್ನು ತೆಗೆದಳು, ಬಸ್ ಡ್ರೈವರನನ್ನೂ ತೆಗೆದಳು. ಅವನು ಇಲ್ಲಿಗೂ ಬಂದಿದ್ದ. ಉಳಿದದ್ದು ಬರೀ ಪ್ರಶ್ನೆ ಮತ್ತು ಉತ್ತರ. ಕಚ್ಚಿದ ಜಿಗಣೆಯನ್ನು ಬಿಡಿಸುವುದು ಹೇಗೆ. ಎಳೆದು ಕೀಳಬೇಡಿ, ಬಾಯಿಯ ಹತ್ತಿರ ಉಗುರು ತೂರಿಸಿ ಜಾರಿಸಿ. ರಕ್ತ ಯಾಕೆ ನಿಲ್ಲುವುದಿಲ್ಲ. ಬೆಟ್ಟಕ್ಕೆ ಯಾವ ತಿಂಗಳಲ್ಲಿ ಬಂದರೆ ಜಿಗಣೆ ಇರುವುದಿಲ್ಲ. ಜಿಗಣೆಗೆ ಇರುವ ಅಷ್ಟೂ ಹೆಸರುಗಳನ್ನು ಸೇರಿಸಬೇಕೆಂದು ದೇರಪ್ಪನವರು ಪಟ್ಟು ಹಿಡಿದರು. ಯಾರು ಯಾವ ಭಾಷೆಯಲ್ಲಿ ಹುಡುಕುತ್ತಾರೋ ಯಾರಿಗೆ ಗೊತ್ತು. ಅದೊಂದು ಒಳ್ಳೆಯ ಮಾತು ಎಂದು ಕವನಾ ಒಪ್ಪಿದಳು.

ಜಗಳ ಬಂದದ್ದು ತಿಂಗಳಿನ ಪ್ರಶ್ನೆಯಲ್ಲಿ. ಡಿಸೆಂಬರಿನಿಂದ ಏಪ್ರಿಲ್ಲಿನವರೆಗೆ ಕಾಡು ಒಣಗಿರುತ್ತದೆ, ಆಗ ಬರುವವರಿಗೆ ನಮ್ಮ ಸಾಕ್ಸ್ ಬೇಕಾಗಿಲ್ಲ, ಕೊಳ್ಳಬೇಡಿ ಎಂದು ದೇರಪ್ಪನವರು ಬರೆದಿದ್ದರು. ಪ್ರವಾಸಿಗಳು ಹೆಚ್ಚಾಗಿ ಬರುವುದೇ ಆ ತಿಂಗಳುಗಳಲ್ಲಿ. ಅಂಗಡಿಯವರು ಬಾಯಿ ಮುಚ್ಚಿಕೊಂಡು ಮಾರುತ್ತಿದ್ದರು. ಕವನಾ ಅನುಮಾನಿಸಿದಳು. ಪೂವಮ್ಮನನ್ನು ಕೇಳಿದರು. ಅವರು ದಾರ ಹಲ್ಲಿನಲ್ಲಿ ಕಡಿಯುತ್ತ, ಇರಲಿ, ಬೇಡದವರಿಗೆ ಯಾಕೆ ಹೊಲಿಯಬೇಕು, ನನಗೂ ಒಂದಿಷ್ಟು ಬಿಡುವು ಸಿಗುತ್ತದೆ ಎಂದರು. ಸಾಲು ಉಳಿಯಿತು.

ಆ ಸಾಲೇ ಕೆಲಸ ಮಾಡಿತು. ಕುಶಾಲನಗರದಲ್ಲಿ ಟೀಚರಾಗಿದ್ದ ವೀಣಾ ಎಂಬವರು ರಜೆಯಲ್ಲಿ ಬೆಟ್ಟ ಹತ್ತುವವರ ಒಂದು ಗುಂಪು ನಡೆಸುತ್ತಿದ್ದರು, ಆ ಗುಂಪಿಗೆ ಒಂದು ಸೈಟೂ ಇತ್ತು. ತನ್ನ ಮಾಲನ್ನು ತಾನೇ ಕೊಳ್ಳಬೇಡಿ ಎನ್ನುವ ವ್ಯಾಪಾರಿಯನ್ನು ಮೊದಲ ಸಲ ಕಂಡೆ, ಮಳೆಗಾಲದಲ್ಲಿ ನಡೆಯುವವರು ಇದನ್ನು ಓದಲೇಬೇಕು ಎಂದು ಅದರಲ್ಲಿ ಬರೆದು ದೇರಪ್ಪನವರ ಪುಟಕ್ಕೆ ದಾರಿ ಕೊಟ್ಟರು. ಅದನ್ನು ಕಂಡು ಮೈಸೂರಿನ ಹಕ್ಕಿ ನೋಡುವವರ ಗುಂಪೊಂದು ಕೊಟ್ಟಿತು. ಒಂದು ಕಾಲೇಜಿನವರು ಕೊಟ್ಟರು. ಜುಲೈ ಹೊತ್ತಿಗೆ ಗೂಗಲ್ಲಿನಲ್ಲಿ ಜಿಗಣೆ ಎಂದು ಹುಡುಕಿದರೆ ಗಾಳಿಬೀಡು ಮೇಲಕ್ಕೆ ಬರುತ್ತಿತ್ತು. ಲೆಕ್ಕ ಏರಿತು. ದೇರಪ್ಪನವರಿಗೆ ಈಗ ನಂಬಿಕೆಯಿರಲಿಲ್ಲ. ಇದೂ ನಾನೇ ಇರಬಹುದಾ ಎಂದು ಕವನಾಳನ್ನು ಕೇಳಿದರು.

ಇಲ್ಲ ದೊಡ್ಡಪ್ಪ, ಬೇರೆ ಬೇರೆ ಊರಿನವರು ಎಂದಳು ಅವಳು. ಸುಮ್ಮನೆ ಬಂದು ಹೋಗುವುದೂ ಇಲ್ಲ, ಹೆಚ್ಚಿನವರು ಕೊನೆಯವರೆಗೆ ಓದುತ್ತಾರೆ.

“ಕೊನೆವರೆಗಾ?”

“ಕೊನೆವರೆಗೆ.”

ಅವರು ಎದ್ದು ಅಂಗಳಕ್ಕೆ ಹೋಗಿ, ಆಗಲೇ ಗುಡಿಸಿದ್ದ ಅಂಗಳವನ್ನು ಇನ್ನೊಂದು ಸಲ ಗುಡಿಸಿದರು.

ಆಮೇಲೊಂದು ದಿನ ಕೋಪದಿಂದ ಕುದಿಯುತ್ತ ಕವನಾಳ ಆಫೀಸಿಗೇ ಬಂದರು. ಎಲ್ಲಿಯದೋ ಒಂದು ಪ್ರವಾಸದ ಸೈಟಿನವರು ಅವರ ಪುಟವನ್ನು ಅಕ್ಷರ ಬಿಡದೆ ಕದ್ದು ತಮ್ಮದೆಂದು ಹಾಕಿಕೊಂಡಿದ್ದರು. ಎಷ್ಟು ಅವಸರದಲ್ಲಿ ಕದ್ದಿದ್ದರೆಂದರೆ ‘ಗಾಳಿಬೀಡಿನ ನಮ್ಮ ತೋಟದಲ್ಲಿ’ ಎಂಬುದೂ ಹಾಗೇ ಇತ್ತು, ‘ನನ್ನ ಹೆಂಡತಿ ಪೂವಮ್ಮ’ ಎಂಬುದೂ ಹಾಗೇ ಇತ್ತು. ಪೊಲೀಸಿಗೆ ಕೊಡುತ್ತೇನೆ ಎಂದರು ದೇರಪ್ಪನವರು. ತೋಟ ಹೋಗಲಿ, ಪೂವಮ್ಮ ಇವರ ಹೆಂಡತಿ ಹೇಗಾಗುತ್ತಾಳೆ? ಕವನಾ ಆ ಪುಟವನ್ನು ತೆರೆದು ಅಲ್ಲಿ ಇಲ್ಲಿ ಒತ್ತಿ ನೋಡಿ ನಗತೊಡಗಿದಳು. ಲೇಖನದ ಒಳಗೆ ನಮ್ಮ ಸೈಟಿಗೆ ಕೊಟ್ಟಿದ್ದ ದಾರಿಗಳನ್ನು ಅಳಿಸುವುದನ್ನೂ ಅವರು ಮರೆತಿದ್ದರು. ಅಲ್ಲಿ ಓದಿದವರು ಸಾಕ್ಸ್ ಎಂಬ ಮಾತನ್ನು ಒತ್ತಿದರೆ ನೇರ ಇಲ್ಲಿಗೇ ಬರುತ್ತಿದ್ದರು. ಕದ್ದವರು ಕೊಟ್ಟದ್ದೂ ಬ್ಯಾಕ್‌ಲಿಂಕೇ ದೊಡ್ಡಪ್ಪ, ಸುಮ್ಮನಿರಿ ಎಂದಳು. ದೇರಪ್ಪನವರು ಸುಮ್ಮನಿರಲು ಬಹಳ ಕಷ್ಟಪಟ್ಟರು.

ಓದುವವರು ಬಂದಷ್ಟು ಕೊಳ್ಳುವವರು ಬರಲಿಲ್ಲ, ನಿಜ. ಆದರೂ ಅಮ್ಮತ್ತಿಯ ಬೋಜಪ್ಪ ಎಸ್ಟೇಟಿನ ಆಳುಗಳಿಗೆಲ್ಲ ಸಾಕ್ಸ್ ತರಿಸಿಕೊಂಡರು, ವೀಣಾ ಟೀಚರ ಗುಂಪಿನವರು ತರಿಸಿಕೊಂಡರು, ಹೆಸರೇ ಕೇಳದ ಊರುಗಳಿಂದ ಒಂದೊಂದು ಜೊತೆಗೆ ಆರ್ಡರು ಬಂತು. ಒಬ್ಬರ ಕೈಗೆ ಸಾಲದ ಕೆಲಸ. ಆಗ ಪೂವಮ್ಮ ಮೊದಲ ಸಲ ಸೈಟನ್ನು ಪೂರ್ತಿ ಓದಿದರು. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿ, ಒಂದು ಕಡೆ ಬೆರಳಿಟ್ಟರು.

“ಇದ್ರಲಿ ‘ನಾವು ಹೊಲಿಯುತ್ತೇವೆ’ ಹೇಳಿ ಬರ್ದುಟ್ಟಲ್ಲ. ನಿಮ್ಗೆ ಗುಂಡಿ ಹಾಕಿಕೆ ಬಾದುಲೆ.”

ಅಂಗಿಗೆ ಒಂದು ಗುಂಡಿ ಹಾಕಲೂ ದೇರಪ್ಪನವರಿಗೆ ಬರುತ್ತಿರಲಿಲ್ಲ, ಅದು ನಿಜ. ಸಾಲು ‘ಪೂವಮ್ಮ ಹೊಲಿಯುತ್ತಾರೆ’ ಎಂದಾಯಿತು. ಮರುದಿನದಿಂದ ಬಟ್ಟೆ ಕತ್ತರಿಸುವುದು, ಲಾಡಿ ಪೋಣಿಸುವುದು ದೇರಪ್ಪನವರ ಪಾಲಿಗೆ ಬಂತು.

ಅಷ್ಟಕ್ಕೇ ಪೂವಮ್ಮ ನಿಲ್ಲಲಿಲ್ಲ. ತನಗೂ ಒಂದು ಪುಟ ಬೇಕು ಎಂದರು. ಜಿಗಣೆ ಸಾಕ್ಸನ್ನು ಮನೆಯಲ್ಲೇ ಹೊಲಿಯುವುದು ಹೇಗೆ, ಯಾವ ಬಟ್ಟೆ, ಅಳತೆ ತೆಗೆಯುವುದು ಹೇಗೆ, ಹಿಮ್ಮಡಿಯ ಹತ್ತಿರ ಹೊಲಿಗೆ ಕಾಲಿಗೆ ಒತ್ತದಂತೆ ಎಲ್ಲಿ ತಿರುಗಿಸಬೇಕು ಎಂದು ಕವನಾಗೆ ಹೇಳಿ ಬರೆಸಿದರು. ದೇರಪ್ಪನವರು ಗಾಬರಿಯಾದರು. ಹೇಗೆ ಹೊಲಿಯುವುದೆಂದು ಊರಿಗೆಲ್ಲ ಹೇಳಿಕೊಟ್ಟರೆ ಕೊಳ್ಳುವವರು ಯಾರು? ಹೊಲಿಯಲು ಬರುವವರು ಹೊಲಿದುಕೊಳ್ಳಲಿ, ಬಾರದವರು ನಮ್ಮಿಂದ ಕೊಳ್ಳುತ್ತಾರೆ, ನೀವೇ ಬೇಡದವರಿಗೆ ಬೇಡ ಎಂದಿರಲ್ಲ ಎಂದು ಪೂವಮ್ಮ ಬಾಯಿ ಮುಚ್ಚಿಸಿದರು. ಪುಟ ಚಿಕ್ಕದಾಗಿತ್ತು. ಕವನಾ ಅದರಲ್ಲಿ ಒಂದು ಪದವನ್ನೂ ತೆಗೆಯಬೇಕಾಗಲಿಲ್ಲ.

ಹೊಲಿಗೆ ಕಲಿಸುವವರ ಲೋಕ ಅಷ್ಟು ದೊಡ್ಡದು ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ದೀಪಾವಳಿಯ ಹೊತ್ತಿಗೆ ಪೂವಮ್ಮನ ಪುಟಕ್ಕೆ ದಾರಿ ಕೊಟ್ಟವರು ದೇರಪ್ಪನವರ ಪುಟಕ್ಕೆ ಕೊಟ್ಟವರಿಗಿಂತ ಹೆಚ್ಚಾಗಿದ್ದರು. ದೇರಪ್ಪನವರು ಈ ಸುದ್ದಿಯನ್ನು ಮೊದಲು ಒಂದು ವಾರ ಯಾರಿಗೂ ಹೇಳಲಿಲ್ಲ. ಆಮೇಲೆ ಮಡಿಕೇರಿಯ ಎರಡೂ ಅಂಗಡಿಯವರಿಗೆ, ಬಸ್ಸಿನ ಕಂಡಕ್ಟರಿಗೆ, ಹಲ್ಲಿನ ಡಾಕ್ಟರಿಗೆ, ಹಲ್ಲು ತೋರಿಸಲು ಬಂದಿದ್ದವರಿಗೆ ಎಲ್ಲರಿಗೂ ಹೇಳಿ ಮುಗಿಸಿದರು.

ಮೊನ್ನೆ ಚಿಕ್ಕಮಗಳೂರಿನ ಕಡೆಯಿಂದ ಒಬ್ಬ ಹೆಂಗಸು ಫೋನು ಮಾಡಿದ್ದಳು. ಹಿಮ್ಮಡಿಯ ಹೊಲಿಗೆ ಪ್ರತಿ ಸಲ ಗಂಟಾಗುತ್ತದೆ, ಏನು ಮಾಡಲಿ ಎಂದಳು. ದೇರಪ್ಪನವರು ಗಂಟಲು ಸರಿಮಾಡಿಕೊಂಡು, ಮೊದಲು ಬಟ್ಟೆಯ ವಿಷಯ ಹೇಳುತ್ತೇನೆ ಎಂದು ಶುರು ಮಾಡಿದ್ದರು. ಪೂವಮ್ಮ ಕೈ ಚಾಚಿ ಫೋನು ತೆಗೆದುಕೊಂಡು ಜಗಲಿಗೆ ಹೋದರು. ದೇರಪ್ಪನವರು ಕತ್ತರಿ ಹಿಡಿದು ಕಾದರು. ಹೊರಗಿನಿಂದ ಪೂವಮ್ಮನ ಮಾತು ಕೇಳುತ್ತಲೇ ಇತ್ತು, ನಡುನಡುವೆ ನಗು. ಸುಮಾರು ಹೊತ್ತಾದರೂ ಮುಗಿಯುವ ಲಕ್ಷಣ ಕಾಣದೆ, ಅವರು ಎದ್ದು ಹೋಗಿ ಒಲೆಯ ಮೇಲೆ ಇಬ್ಬರಿಗೂ ಕಾಫಿಗೆ ನೀರಿಟ್ಟರು.